ಮಾಲ್ಡೀವ್ಸ್‌ನ ಚಿಕ್ಕ ದ್ವೀಪದಲ್ಲಿ ಟೀಚರ್ ಕೆಲ್ಸ, ಸ್ಕೂಲ್ ಓಕೆ, ಸ್ಕೂಲ್ ಬಿಟ್ಮೇಲೆ ಹೇಗೆ ದಿನ ಕಳೀತೀರಾ?

ದುರ್ಗದ_ಮಿಸ್:
ಎಲ್ರಿಗೂ ನಮಸ್ಕಾರ. ಗಾಫು ದಾಲು ಅಟಾಲ್ (ಅಂದ್ರೆ ದ್ವೀಪಗಳ ಗುಂಪು) ಕಡೆ ಒಂದು ಚಿಕ್ಕ ದ್ವೀಪದಲ್ಲಿ ಮ್ಯಾಥ್ಸ್ ಟೀಚರ್ ಆಗಿ ಸೇರ್ಕೊಂಡಿದೀನಿ. ಮಾಲ್ಡೀವ್ಸ್ ಅಂದ ತಕ್ಷಣ ಊರಲ್ಲಿ ಎಲ್ರೂ ಹನಿಮೂನ್ ಜಾಗ ಅಲ್ವಾ ಮಜಾ ಮಾಡು ಅಂತಾರೆ. ನೀರಿನ್ ಮೇಲೆ ಕಟ್ಟಿರೋ ಆ ರೂಮುಗಳು ಇರೋದು ರೆಸಾರ್ಟ್ ದ್ವೀಪದಲ್ಲಿ, ನಾವಿರೋದು ಜನ ವಾಸ ಮಾಡೋ ದ್ವೀಪ, ಎರಡಕ್ಕೂ ಸಂಬಂಧನೇ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ.

ಸ್ಕೂಲ್ ಬಗ್ಗೆ ಕಂಪ್ಲೇಂಟ್ ಇಲ್ಲ. ಕ್ಲಾಸಲ್ಲಿ ಕೈ ಬೆರಳಲ್ಲಿ ಎಣಿಸೋ ಅಷ್ಟು ಮಕ್ಕಳು, ಊರಲ್ಲಿ ಅರವತ್ತು ಜನರ ಮುಂದೆ ಕಿರುಚ್ತಿದ್ದ ಗಂಟಲಿಗೆ ರಜಾ ಸಿಕ್ಕಂಗಾಗಿದೆ. ಇಲ್ಲಿನ ಭಾಷೆ ಧಿವೇಹಿ, ಇಸ್ಲಾಂ ಪಾಠ ಬಿಟ್ರೆ ಉಳಿದಿದ್ದೆಲ್ಲ ಇಂಗ್ಲಿಷಲ್ಲೇ, ದೊಡ್ಡ ಮಕ್ಕಳಿಗೆ ಕೇಂಬ್ರಿಡ್ಜ್ ಪರೀಕ್ಷೆ. ಪೇರೆಂಟ್ಸ್ ಎಲ್ಲ ವಾಟ್ಸಾಪ್ ಥರದ ವೈಬರ್ ಗ್ರೂಪಲ್ಲಿ, ಹೋಮ್‌ವರ್ಕ್ ಏನು ಅಂತ ರಾತ್ರಿ ಕೇಳ್ತಾರೆ, ಅದೂ ಪರವಾಗಿಲ್ಲ.

ಕಷ್ಟ ಶುರುವಾಗೋದು ಮನೆಗೆ ಬಂದ್ಮೇಲೆ. ನಾನು ವೆಜಿಟೇರಿಯನ್, ಇಲ್ಲಿ ಸಂಜೆ ತಿಂಡಿಯೊಳಗೂ ಮೀನು. ತರಕಾರಿ ರಾಜಧಾನಿ ಮಾಲೆಯಿಂದ ದೋಣಿಲಿ ಬರ್ಬೇಕು, ಸಮುದ್ರ ಸರಿ ಇಲ್ಲ ಅಂದ್ರೆ ದೋಣಿನೂ ಇಲ್ಲ. ಹಾಲು ಅಂದ್ರೆ ಪುಡಿ, ಮೊಸರು ಮರ್ತೇ ಹೋಗಿದೆ. ಬಾವಿ ನೀರು ಉಪ್ಪುಪ್ಪು, ಸೋಪು ನೊರೇನೇ ಬರಲ್ಲ, ಕೂದಲು ತೆಂಗಿನ ನಾರು ಆಗಿದೆ. ವಾರದ ರಜಾ ಶುಕ್ರವಾರ ಶನಿವಾರ, ಭಾನುವಾರ ಮನೇಲಿ ಎಲ್ರೂ ಸೇರಿ ವಿಡಿಯೋ ಕಾಲ್ ಮಾಡೋ ಹೊತ್ತಿಗೆ ನಾನು ಕ್ಲಾಸಲ್ಲಿ. ಸಂಜೆ ರೂಮಲ್ಲಿ ಫೋನ್ ನೋಡ್ತಾ ಕೂತ್ರೆ ಅಳು ಬರುತ್ತೆ. ಇಲ್ಲಿ ಇದ್ದು ಬಂದವರು ಯಾರಾದ್ರೂ ಇದ್ರೆ ಹೇಳಿ, ಇದು ಸರಿ ಹೋಗುತ್ತಾ? ಹಾಗೇ ದುಡ್ಡು ಮನೆಗೆ ಕಳ್ಸೋದು ಯಾಕೆ ಇಷ್ಟು ತಲೆನೋವು?

ಕರಾವಳಿ_ಟೀಚರ್:
ನಾನು ಅಲ್ಲಿ ಲಾಮು ಅಟಾಲ್‌ನಲ್ಲಿ ಇದ್ದೆ, ಈಗ ಊರಿಗೆ ಬಂದಾಯ್ತು. ಮೊಸರಿನದ್ದು ಮೊದಲು ಹೇಳ್ತೇನೆ, ಅದು ಸುಲಭ ಉಂಟು. ಹಾಲಿನ ಪುಡಿಯನ್ನು ಪ್ಯಾಕೆಟಲ್ಲಿ ಬರೆದದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ಗಂಟಿಲ್ಲದ ಹಾಗೆ ಕಲಸಿ ಕುದಿಸಿ, ಬೆರಳು ಇಟ್ರೆ ಬೆಚ್ಚಗೆ ಅನಿಸುವಷ್ಟು ತಣಿಸಿ. ಹೆಪ್ಪಿಗೆ ಮೊಸರು ಇಲ್ಲದಿದ್ರೆ ಹಸಿಮೆಣಸಿನ ನಾಲ್ಕೈದು ತೊಟ್ಟು ಹಾಕಿ ಮುಚ್ಚಿಡಿ. ಮೊದಲ ಸಲ ನೀರು ನೀರಾಗಿ ಒಂದು ಥರ ವಾಸನೆ ಬರ್ತದೆ, ಅದನ್ನು ತಿನ್ನುವುದು ಬೇಡ, ಅದರಿಂದ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿ, ಎರಡನೇ ಸಲ ಸರಿಯಾಗಿ ಕೂರ್ತದೆ. ಅಲ್ಲಿನ ಸೆಕೆಗೆ ಬೇಗ ಆಗ್ತದೆ, ರಾತ್ರಿ ಇಡೀ ಹೊರಗೆ ಇಟ್ರೆ ಹುಳಿ.

ತರಕಾರಿಗೆ ದೋಣಿಯೇ ಕಾಯ್ಬೇಕು ಅಂತ ಯಾರು ಹೇಳಿದ್ದು ಮಾರಾಯ್ರೆ? ಅಲ್ಲಿ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರ ಉಂಟಲ್ಲ, ಅವರು ಬಂಬುಕೆಯೋ ಅಂತಾರೆ, ನಿಮ್ಮ ದುರ್ಗದ ಕಡೆ ನೋಡಿರ್ಲಿಕ್ಕಿಲ್ಲ. ಪಲ್ಯ, ಸಾಂಬಾರು, ಪೋಡಿ (ಬಜ್ಜಿ) ಎಲ್ಲಾ ಆಗ್ತದೆ. ನುಗ್ಗೆ ಸೊಪ್ಪು, ಕುಂಬಳ, ತೆಂಗಿನಕಾಯಿ, ಕರಿಬೇವು ಅಕ್ಕಪಕ್ಕದ ಮನೆಯಲ್ಲೇ ಇರ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲ, ಕೇಳ್ಬೇಕು, ಕೇಳಿದ್ರೆ ದುಡ್ಡು ತಗೊಳ್ಳದೆ ಕೊಡ್ತಾರೆ.

ಕೇಳ್ಲಿಕ್ಕೆ ರೂಮಿಂದ ಹೊರಗೆ ಬರ್ಬೇಕು ನೋಡಿ. ಸಂಜೆ ಮನೆ ಎದುರು ಕಬ್ಬಿಣದ ಫ್ರೇಮಿಗೆ ಹಗ್ಗ ಹೆಣೆದ ಜೋಲಿ ಇರ್ತದಲ್ಲ, ಹೆಂಗಸರೆಲ್ಲ ಅದರಲ್ಲಿ ಕೂತಿರ್ತಾರೆ. ಹೋಗಿ ಕೂತ್ಕೊಳ್ಳಿ. ಭಾಷೆ ಬರ್ಬೇಕು ಅಂತಿಲ್ಲ, ತೆಳ್ಳಗೆ ಹೆರೆದ ಅಡಿಕೆ, ವೀಳ್ಯದೆಲೆ, ಲವಂಗ ಕೈಗೆ ಕೊಡ್ತಾರೆ. ನಮ್ಮ ಮನೆಯಲ್ಲಿ ಅಡಿಕೆಯ ಲೆಕ್ಕ ಎಲ್ಲಾ ಕ್ವಿಂಟಾಲಲ್ಲಿ, ಅಷ್ಟು ತೆಳ್ಳಗೆ ಹೆರೆದದ್ದು ನಾನು ನೋಡಿದ್ದು ಅಲ್ಲೇ. ಮಿಸ್ ಬಂದಿದ್ದಾರೆ ಅಂತ ಮಕ್ಕಳು ಇಂಗ್ಲಿಷಲ್ಲಿ ಹೇಳಿ ಕೊಡ್ತಾರೆ. ಒಂದು ವಾರ ಸಂಕೋಚ, ಆಮೇಲೆ ನೀವು ಬರ್ಲಿಲ್ಲ ಅಂದ್ರೆ ಹುಷಾರಿಲ್ವಾ ಅಂತ ಅವರೇ ಬಾಗಿಲು ಬಡೀತಾರೆ.

ಧಾರವಾಡ_ಸರ್:
ಮೇಡಂ, ರೊಕ್ಕದ ವಿಷಯ ನಾ ಹೇಳತೇನಿ. ಪಗಾರ ಅಲ್ಲಿನ ರೊಕ್ಕ ರುಫಿಯಾದಾಗ ಬರತೈತಿ, ಊರಿಗೆ ಕಳಸಾಕ ಅದನ್ನ ಡಾಲರ್ ಮಾಡಬೇಕು. ಬ್ಯಾಂಕಿನ ರೇಟು ಡಾಲರಿಗೆ 15.42 ರುಫಿಯಾ, ಆದ್ರ ಆ ರೇಟಿಗೆ ಬೇಕಾದಷ್ಟು ಡಾಲರ್ ಸಿಗೂದಿಲ್ಲ. ಆ ದೇಶಕ್ಕ ಡಾಲರ್ ಬರೂದ ಮುಖ್ಯ ಟೂರಿಸಂನಿಂದ, ಅಕ್ಕಿ ಎಣ್ಣಿ ಡೀಸೆಲ್ ಎಲ್ಲಾ ಹೊರಗಿಂದ ತರಬೇಕು, ಹಿಂಗಾಗಿ ಯಾವಾಗ್ಲೂ ಕೊರತಿ. ಅದಕ್ಕ ಹೊರಗ ಕಳಸಾಕ ಇಷ್ಟ ಅಂತ ಮಿತಿ ಹಾಕ್ತಾರ, ಅದೂ ಆಗಾಗ ಬದಲಾಗತೈತಿ. ನೀವು ಏನ್ ಮಾಡ್ರಿ, ಮಿತಿ ಎಷ್ಟೈತಿ ಅಷ್ಟನ್ನ ಪ್ರತಿ ತಿಂಗಳು ಬಿಡದ ಕಳಸ್ರಿ, ರಜಾಕ್ಕ ಹೋಗು ಮುಂದ ಒಮ್ಮೆಲೆ ಕಳಸಿದ್ರಾತು ಅಂತ ಕೂಡಿಟ್ರ ಸಿಕ್ಕೊಂತೀರಿ. ಜೆಟ್ಟಿ ಮ್ಯಾಲೆ ಯಾರೋ ಡಾಲರ್ ಕೊಡ್ತೀನಿ ಅಂತ ಬಂದ್ರ ಅವನ ಹಂತ್ಯಾಕ ಹೋಗಬ್ಯಾಡ್ರಿ. ಆಫರ್ ಲೆಟರ್ ನೋಡಿ ಊರಾಗ ರೂಪಾಯಿ ಲೆಕ್ಕಾ ಹಾಕಿ ಸಾಲದ ಕಂತು ಕಟ್ಟಕೊಂಡ ಬಂದೋರ ಪಾಡು ನಾ ನೋಡೇನಿ, ಬ್ಯಾಡ.

ಊಟಕ್ಕ ನಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ಉಪ್ಪಿನ ಗಾಳಿಗೆ ರೊಟ್ಟಿ ಮೆತ್ತಗ ಆಗತಾವ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ನಮ್ಮ ರೂಮಿನ್ಯಾಗ ಇದ್ದ ಕೇರಳದ ಸರ್ ಎರಡ ದಿನದಾಗ ಅರ್ಧ ಡಬ್ಬಿ ಖಾಲಿ ಮಾಡಿದ್ರು, ಅದಕ್ಕ ಡಬ್ಬಿ ಎರಡು ಬೇಕು.

ಸಿಂಪಲ್_ಮನುಷ್ಯ:
ಅಳು ಬರೋ ಅಷ್ಟು ಕಷ್ಟ ಇದ್ರೆ ವಾಪಸ್ ಬಂದ್ಬಿಡಿ ಮೇಡಂ, ಇಲ್ಲೇ ಪ್ರೈವೇಟ್ ಸ್ಕೂಲಲ್ಲಿ ಕೆಲ್ಸ ಸಿಗುತ್ತೆ.

ದುರ್ಗದ_ಮಿಸ್:
@ಸಿಂಪಲ್_ಮನುಷ್ಯ ಸಿಗುತ್ತೆ ಸರ್, ಸಂಬಳ ಎಷ್ಟು ಅಂತನೂ ಹೇಳ್ಬಿಡಿ. ಅದನ್ನ ನೋಡ್ಕೊಂಡೇ ಇಲ್ಲಿಗೆ ಬಂದಿದ್ದು.

@ಕರಾವಳಿ_ಟೀಚರ್ ಅಕ್ಕ, ನಮ್ಮ ಓನರ್ ಮನೆ ಹಿಂದೆ ದೊಡ್ಡ ಮರ ಇದೆ, ಅದು ಹಲಸಿನ ಜಾತಿ ಏನೋ ಅಂದ್ಕೊಂಡು ಸುಮ್ನಿದ್ದೆ, ಅದೇ ಇರ್ಬೇಕು. ಕೆಳಗೆ ಬಿದ್ದು ಕೊಳೀತಿದೆ! ಜೋಲಿಲಿ ಕೂರೋಕೆ ಕರೀತಾರೆ, ಡ್ರೆಸ್ ಹೇಗೋ ಏನೋ ಅಂತ ನಾನೇ ಹೋಗಿರ್ಲಿಲ್ಲ.

ಕರಾವಳಿ_ಟೀಚರ್:
ಚೂಡಿದಾರ ಹಾಕಿದ್ರೆ ಸಾಕು, ತಲೆಗೆ ಹಾಕ್ಬೇಕು ಅಂತ ನನಗೆ ಯಾರೂ ಹೇಳಿದ್ದಿಲ್ಲ. ರಂಜಾನ್ ತಿಂಗಳಲ್ಲಿ ಮಾತ್ರ ಹಗಲು ಹೊರಗೆ ನೀರು ಕೂಡ ಕುಡೀಬೇಡಿ, ರೂಮಲ್ಲಿ ಕುಡೀರಿ. ಸ್ಕೂಲಿನ ಟೈಮು ಕೂಡ ಆಗ ಕಮ್ಮಿ ಆಗ್ತದೆ. ತಲೆ ಸ್ನಾನಕ್ಕೆ ಮಳೆ ನೀರು ಒಂದು ಬಕೆಟ್ ಹಿಡಿದಿಟ್ಕೊಳ್ಳಿ, ಬಾವಿ ನೀರಲ್ಲಿ ಸ್ನಾನ ಮಾಡಿ ಕೊನೆಗೆ ಇದನ್ನು ಸುರ್ಕೊಂಡ್ರೆ ಆಯ್ತು. ಜೀಗುಜ್ಜೆ ಬಿದ್ದದ್ದು ಬೇಡ, ಮರದಲ್ಲಿ ಇರುವ ಬೆಳೆದ ಕಾಯಿ ಕೊಯ್ಸಿ, ಕೈಗೆ ಎಣ್ಣೆ ಹಚ್ಚಿ ಕತ್ತರಿಸಿ, ಮೇಣ ಉಂಟು.

ಹೊಸಬ_ಹಾಸನ:
ನಂಗೂ ಆಫರ್ ಬಂದಿದೆ, ಫಿಸಿಕ್ಸ್. ದೇವರ ಚಿಕ್ಕ ವಿಗ್ರಹ ತಗೊಂಡು ಹೋಗ್ಬಹುದಾ? ಮಿಕ್ಸಿ, ಕುಕ್ಕರ್?

ಧಾರವಾಡ_ಸರ್:
ವಿಗ್ರಹ ಬ್ಯಾಡ್ರಿ, ಕಸ್ಟಮ್ಸ್‌ನಾಗ ಬಿಡಂಗಿಲ್ಲ, ಕಾನೂನ ಹಂಗ ಐತಿ. ಶೆರೆ ಬಾಟ್ಲಿನೂ ಇಲ್ಲ, ನೀವು ಕೇಳಿಲ್ಲ ಆದ್ರೂ ಹೇಳ್ಲಿಕತ್ತೇನಿ. ಕುಕ್ಕರ್ ಒಯ್ರಿ, ಗ್ಯಾಸ್ಕೆಟ್ ಒಂದ ಎಕ್ಸ್‌ಟ್ರಾ. ಮಿಕ್ಸಿನೂ ನಡೀತೈತಿ, ಕರೆಂಟ್ ನಮ್ಮಂಗ 230 ವೋಲ್ಟ್, ಆದ್ರ ಸಾಕೆಟ್ಟು ಬ್ರಿಟನ್ ಥರ ಚಪ್ಪಟಿ ಮೂರು ಪಿನ್ನಿಂದು, ಅಡಾಪ್ಟರ್ ಇಲ್ಲೇ ತಗೊಂಡ ಹೋಗ್ರಿ. ಯಾವ ಅಟಾಲ್ ಅಂತ ಮೊದಲ ಕೇಳಿ ಆಮ್ಯಾಲೆ ಸಹಿ ಹಾಕ್ರಿ.