‘ರಿಲೇ ಉಪಗ್ರಹ’ವನ್ನು ಮರುಪ್ರಸಾರ ಉಪಗ್ರಹ ಎನ್ನಬಹುದೇ?

ಪ್ರಶ್ನೆ: ಬೇರೆ ನೌಕೆಗಳ ದತ್ತಾಂಶವನ್ನು ಪಡೆದು ಭೂಮಿಗೆ ಮುಟ್ಟಿಸುವ ಉಪಗ್ರಹವನ್ನು ಕೆಲವರು ‘ಮರುಪ್ರಸಾರ ಉಪಗ್ರಹ’ ಎಂದೂ ಕೆಲವರು ‘ರವಾನೆ ಉಪಗ್ರಹ’ ಎಂದೂ ಬರೆಯುತ್ತಾರೆ. ಯಾವುದು ಸರಿ? ಅಪ್‌ಲಿಂಕ್, ಡೌನ್‌ಲಿಂಕ್‌ಗಳಿಗೆ (ನೆಲದಿಂದ ಉಪಗ್ರಹಕ್ಕೆ, ಉಪಗ್ರಹದಿಂದ ನೆಲಕ್ಕೆ ಇರುವ ರೇಡಿಯೊ ಸಂಪರ್ಕಗಳಿಗೆ) ಮೇಲ್ಕೊಂಡಿ, ಕೆಳಕೊಂಡಿ ಆದೀತೇ?

ಉತ್ತರ: ‘ಮರುಪ್ರಸಾರ’ ಬೇಡವೇ ಬೇಡ. ಒಮ್ಮೆ ಬಿತ್ತರಿಸಿದ ಕಾರ್ಯಕ್ರಮವನ್ನು ಮತ್ತೆ ಬಿತ್ತರಿಸುವುದು ಎಂಬ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿದೆ. ಮೇಲಾಗಿ ಪ್ರಸಾರ ಎಂದರೆ ಕೇಳುವವರೆಲ್ಲರಿಗೂ. ನಾಸಾದ ಟಿಡಿಆರ್‌ಎಸ್ ಎಂಬ ರಿಲೇ ಉಪಗ್ರಹವಾದರೋ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದು, ತನ್ನ 4.9 ಮೀಟರ್ ಅಗಲದ ಆಂಟೆನಾವನ್ನು ಕೆಳಗೆ ಓಡುತ್ತಿರುವ ಒಂದೇ ನೌಕೆಯತ್ತ ತಿರುಗಿಸುತ್ತಲೇ ಇರಬೇಕು. ಗುರಿ ತಪ್ಪಿದರೆ ಸಂಪರ್ಕ ಕಡಿಯಿತು.

‘ರವಾನೆ’ ತಪ್ಪಲ್ಲ, ಆದರೆ ಸಾಲದು. ಮೊದಲು ಕಳಿಸುವ ನೌಕೆ ಮಾಡುವುದೂ ರವಾನೆಯೇ. ನಡುವೆ ನಿಂತು ಆಚೆಗೆ ಮುಟ್ಟಿಸುವುದಕ್ಕೆ ‘ದಾಟಿಸು’ ಚೆನ್ನಾಗಿ ಒಪ್ಪುತ್ತದೆ: ರೋವರ್ ಕಳಿಸಿತು, ಆರ್ಬಿಟರ್ ದಾಟಿಸಿತು, ನೆಲಕೇಂದ್ರ ಪಡೆಯಿತು. ಹೆಸರು ಮಾತ್ರ ‘ರಿಲೇ ಉಪಗ್ರಹ’ ಎಂದೇ ಇರಲಿ, ರಿಲೇ ಓಟ ಬಲ್ಲವರಿಗೆ ಅದು ಹೊಸದಲ್ಲ. (ಗ್ರೌಂಡ್ ಸ್ಟೇಷನ್‌ಗೆ, ಅಂದರೆ ನೆಲದ ಮೇಲಿನ ಸಂಪರ್ಕ ಕೇಂದ್ರಕ್ಕೆ, ‘ಭೂಕೇಂದ್ರ’ ಎಂದರೆ ಭೂಮಿಯ ನಡುಬಿಂದು ಎಂದೂ ಆಗುವುದರಿಂದ ‘ನೆಲಕೇಂದ್ರ’ ಮೇಲು.)

ದಾಟಿಸುವುದರಲ್ಲೂ ಎರಡು ಬಗೆಯಿದೆ, ಬರೆಯುವವರು ಎಡವುವುದು ಇಲ್ಲೇ. ಟಿಡಿಆರ್‌ಎಸ್ ತನಗೆ ಬಂದ ಸಂಕೇತವನ್ನು ಬಿಡಿಸಿ ಓದುವುದಿಲ್ಲ. ಆವರ್ತನ ಬದಲಿಸಿ, ವರ್ಧಿಸಿ, ಆ ಕ್ಷಣವೇ ಕೆಳಗಿಳಿಸುತ್ತದೆ. ಬಿಡಿಸುವ ಕೆಲಸವೆಲ್ಲ ಅಮೆರಿಕದ ವೈಟ್ ಸ್ಯಾಂಡ್ಸ್‌ನಂಥ ನೆಲಕೇಂದ್ರದ್ದು. ಆಗುವ ತಡ ಸುಮಾರು ಕಾಲು ಸೆಕೆಂಡು, ಅದೂ ಬಹುಪಾಲು ದೂರದಿಂದಾಗಿ. ಇದಕ್ಕೆ ‘ನೇರ ದಾಟಿಸುವಿಕೆ’ ಎನ್ನಿ. ಮಂಗಳದ ಸುತ್ತ ಇರುವ ಎಂಆರ್‌ಒ ಎಂಬ ನಾಸಾ ಆರ್ಬಿಟರ್ ಹಾಗಲ್ಲ. ರೋವರ್‌ನ ಮೇಲೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ, 400 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ಎಂಬ ರೇಡಿಯೊ ಕೊಂಡಿಯಲ್ಲಿ ದತ್ತಾಂಶ ಪಡೆದು, ಬಿಡಿಸಿ, ತಪ್ಪು ಹುಡುಕಿ, ಕೆಟ್ಟ ಕಂತನ್ನು ಮತ್ತೆ ತರಿಸಿಕೊಂಡು ಕೂಡಿಡುತ್ತದೆ. ಆಮೇಲೆ ಎಕ್ಸ್ ಬ್ಯಾಂಡ್ ಎಂಬ ಇನ್ನೂ ಹೆಚ್ಚಿನ ಆವರ್ತನದಲ್ಲಿ ಭೂಮಿಗೆ ಕಳಿಸುತ್ತದೆ. ಇದು ‘ಕೂಡಿಟ್ಟು ದಾಟಿಸುವಿಕೆ’. ಇದನ್ನು ವಿವರಿಸುವಾಗ ‘ತಕ್ಷಣ’ ಎಂದು ಬರೆಯಬೇಡಿ.

ಇನ್ನು ಮೇಲ್ಕೊಂಡಿ, ಕೆಳಕೊಂಡಿ. ನೆಲ ಮತ್ತು ಒಂದೇ ಉಪಗ್ರಹ ಇದ್ದಲ್ಲಿ ಇವು ಸಾಕು. ನಡುವೆ ರಿಲೇ ಬಂದೊಡನೆ ದಿಕ್ಕು ಗೋಜಲಾಗುತ್ತದೆ: 400 ಕಿ.ಮೀ. ಎತ್ತರದ ನೌಕೆಯ ದತ್ತಾಂಶ ನೆಲಕ್ಕೆ ಬರಬೇಕಾದರೆ ಮೊದಲು ಇನ್ನೂ ಮೇಲಕ್ಕೆ ಹೋಗಬೇಕು! ಅದಕ್ಕೇ ಈ ಕೆಲಸದವರು ಎತ್ತರ ಬಿಟ್ಟು ಪಯಣದ ದಿಕ್ಕು ಹಿಡಿದು ಹೆಸರಿಸುತ್ತಾರೆ. ನೆಲದಿಂದ ರಿಲೇ ಮೂಲಕ ನೌಕೆಗೆ ಆದೇಶ ಒಯ್ಯುವ ಎರಡೂ ಹಂತ ಸೇರಿ ಫಾರ್ವರ್ಡ್ ಲಿಂಕ್, ನೌಕೆಯಿಂದ ರಿಲೇ ಮೂಲಕ ನೆಲಕ್ಕೆ ದತ್ತಾಂಶ ತರುವ ಎರಡೂ ಹಂತ ಸೇರಿ ರಿಟರ್ನ್ ಲಿಂಕ್. ಇವಕ್ಕೆ ‘ಹೋಗುಕೊಂಡಿ’, ‘ಬರುಕೊಂಡಿ’ ಎಂದು ನನ್ನ ಸಲಹೆ. ಒಂದೊಂದೇ ಹಂತವನ್ನು ಹೇಳಬೇಕಾದಾಗ ‘ನೌಕೆ–ರಿಲೇ ಕೊಂಡಿ’, ‘ರಿಲೇ–ನೆಲ ಕೊಂಡಿ’ ಎಂದು ಎರಡೂ ತುದಿಗಳ ಹೆಸರು ಹಿಡಿದೇ ಬರೆಯಿರಿ.