ಪದ ಬೇಕು: ಹಿಮೋಫಿಲಿಯಾ ‘ಕ್ಯಾರಿಯರ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗ ಇರುವ ಮಕ್ಕಳ ತಂದೆತಾಯಿಗಾಗಿ ಒಂದು ಕಿರುಹೊತ್ತಗೆಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ತಾಯಿ ರೋಗವಾಹಕಳಾಗಿದ್ದರೆ ಮಗನಿಗೆ ರೋಗ ಬರುತ್ತದೆ’ ಎಂದು ಬರೆದಿದ್ದೆ. ಕರಡು ನೋಡಿದ ವೈದ್ಯರು ‘ರೋಗವಾಹಕ’ದ ಮೇಲೆ ಕೆಂಪು ಗೆರೆ ಎಳೆದರು, ಬದಲಿ ಪದ ಕೊಡಲಿಲ್ಲ. ರೋಗದ ಹೆಸರಿನ ಚರ್ಚೆ ಬೇಡ, ‘ಕುಸುಮ ರೋಗ’ವನ್ನು ಆವರಣದಲ್ಲಿ ಕೊಟ್ಟಾಗಿದೆ. ‘ಕ್ಯಾರಿಯರ್’ಗೆ, ಅಂದರೆ ರೋಗದ ಜೀನನ್ನು ಮಕ್ಕಳಿಗೆ ದಾಟಿಸಬಲ್ಲ ಹೆಣ್ಣಿಗೆ, ಮಾತ್ರ ಪದ ಬೇಕು.

ಉತ್ತರ 1

ರೋಗವೂ ಸಂಸ್ಕೃತ, ವಾಹಕವೂ ಸಂಸ್ಕೃತ, ಹಿಮೋಫಿಲಿಯಾ ಗ್ರೀಕ್. ಕನ್ನಡ ಎಲ್ಲಿದೆ? ‘ಪೀಳಿಹೊತ್ತವಳು’ ಎನ್ನಿ, ಮುಗಿಯಿತು. ಪೀಳಿ ಎಂದರೆ ಜೀನ್ ಎಂದು ಒಂದು ಅಡಿಟಿಪ್ಪಣಿ ಕೊಟ್ಟರೆ ಸಾಕು.

ಉತ್ತರ 2

ಮಗುವಿನ ಮೊಣಕಾಲಿನೊಳಗೆ ರಕ್ತ ಸೋರಿ ಊದಿಕೊಂಡಿರುವಾಗ ತಾಯಿ ಪುಟದ ಬುಡದಲ್ಲಿ ಅಡಿಟಿಪ್ಪಣಿ ಹುಡುಕುತ್ತಾಳೆಯೆ?

ವೈದ್ಯರ ಗೆರೆ ಸರಿಯಾಗಿದೆ. ರೋಗವಾಹಕ ಎಂದೊಡನೆ ಓದುಗರ ಕಣ್ಣಿಗೆ ಬರುವುದು ಸೊಳ್ಳೆ. ಸೊಳ್ಳೆ ಒಬ್ಬರ ರೋಗವನ್ನು ಇನ್ನೊಬ್ಬರಿಗೆ ತಲುಪಿಸುತ್ತದೆ. ಈ ತಾಯಿ ಯಾರ ರೋಗವನ್ನೂ ಹೊತ್ತು ತಿರುಗುತ್ತಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ 8ನೆಯ ಅಥವಾ 9ನೆಯ ಫ್ಯಾಕ್ಟರ್ ಎಂಬ ಪ್ರೋಟೀನಿನ ಜೀನ್ ಆಕೆಯ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದರಲ್ಲಿ ಬದಲಾಗಿದೆ, ಅಷ್ಟೆ. 8ರ ಕೊರತೆಯಾದರೆ ಎ ಬಗೆ, 9ರದಾದರೆ ಬಿ ಬಗೆ. ಗಂಡಿಗೆ ಇರುವುದು ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ತುಂಬಿಕೊಡಲು ಇನ್ನೊಂದಿಲ್ಲ.

ನಿಮ್ಮ ಪದಕ್ಕಿಂತ ವಾಕ್ಯವೇ ಹೆಚ್ಚು ತಪ್ಪು. ‘ಬರುತ್ತದೆ’ ಅಲ್ಲ, ‘ಬರಬಹುದು’. ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ; ಪ್ರತಿಯೊಬ್ಬ ಮಗಳಿಗೂ ಆ ಜೀನ್ ಹೋಗುವ ಸಾಧ್ಯತೆ ಅಷ್ಟೇ. ಮೊದಲನೆಯವನಿಗೆ ಬಂದಿತೆಂದು ಎರಡನೆಯವನು ಪಾರಾಗುವ ಲೆಕ್ಕವಿಲ್ಲ. ರೋಗವಿರುವುದು ತಂದೆಗೆ ಮಾತ್ರವಾದರೆ ಆತನಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಜೀನ್ ಹೋಗುತ್ತದೆ. ಸುಮಾರು ಮೂರನೇ ಒಂದು ಭಾಗದ ಪ್ರಕರಣಗಳಲ್ಲಂತೂ ವಂಶದಲ್ಲಿ ಹಿಂದೆ ಯಾರಿಗೂ ಇದ್ದ ಗುರುತೇ ಇರುವುದಿಲ್ಲ, ಜೀನ್ ಹೊಸದಾಗಿ ಬದಲಾಗಿರುತ್ತದೆ. ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವ ವಾಕ್ಯವನ್ನು ಅಚ್ಚುಹಾಕಿಸಬೇಡಿ.

‘ಹೊತ್ತವಳು’ ಎಂಬುದರಲ್ಲಿ ಬೇರೆ ತೊಡಕಿದೆ: ಹೊರುವುದಷ್ಟೇ ಆಕೆಯ ಪಾಲು, ಅನುಭವಿಸುವವನು ಮಗ ಎಂಬ ಧ್ವನಿ. ಹಾಗೇನಿಲ್ಲ. ಇಂಥ ಕೆಲವು ಹೆಂಗಸರಲ್ಲಿ ಫ್ಯಾಕ್ಟರ್ ಪ್ರಮಾಣ ಸಹಜ ಮಟ್ಟದ ಶೇಕಡ 40ಕ್ಕಿಂತ ಕಡಿಮೆ ಇರುತ್ತದೆ. ಮುಟ್ಟಿನಲ್ಲಿ, ಹೆರಿಗೆಯ ನಂತರ, ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಲ್ಲುವುದಿಲ್ಲ. ಅಂಥವರನ್ನು ಈಗ ಹಿಮೋಫಿಲಿಯಾ ಇರುವವರೆಂದೇ ಎಣಿಸುತ್ತಾರೆ.

ಮೊದಲ ಸಲ ‘ಹಿಮೋಫಿಲಿಯಾ ಜೀನ್ ಇರುವ ತಾಯಿ’ ಎಂದು ಬಿಡಿಸಿ ಬರೆಯಿರಿ, ಆಮೇಲೆ ‘ವಾಹಕಿ’. ‘ರೋಗ’ ಸೇರಿಸಬೇಡಿ. ‘ವಂಶವಾಹಿಯ ವಾಹಕಿ’ ಎಂದೂ ಬೇಡ, ಒಂದೇ ಧಾತು ಎರಡು ಸಲ ಹೊರೆ ಹೊರುತ್ತದೆ.

ಉತ್ತರ 3

‘ವಾಹಕಿ’ ಅಪಶಬ್ದ. ಗಾಯಿಕಾ, ಲೇಖಿಕಾ ಇದ್ದಂತೆ ವಾಹಿಕಾ; ಕನ್ನಡಕ್ಕೆ ಬಂದಾಗ ‘ವಾಹಿಕೆ’. ಪತ್ರಿಕೆಗಳು ಕೆಡಿಸಿದ್ದು ಸಾಲದೆ?

ಉತ್ತರ 4

ಹಾಗಾದರೆ ಲೇಖಕಿ, ಗಾಯಕಿ, ಸಂಪಾದಕಿ ಎಲ್ಲರನ್ನೂ ಮೊದಲು ನಿಘಂಟಿನಿಂದ ಹೊರಗೆ ಹಾಕಿ ಬನ್ನಿ. ಎರವಲು ತಂದ ಪದಕ್ಕೆ ನಮ್ಮ ರೂಢಿಯ ಪ್ರತ್ಯಯ ಹಚ್ಚುತ್ತೇವೆ. ‘ಬ್ಯಾಂಕುಗಳು’ ಎನ್ನುವಾಗ ಇಂಗ್ಲಿಷ್ ವ್ಯಾಕರಣದ ಅಪ್ಪಣೆ ಕೇಳಿದ್ದೀರಾ?

ಉತ್ತರ 5

ಉತ್ತರ 1ರಲ್ಲಿ ನಾನು ಹೇಳಿದ್ದೂ ಅದನ್ನೇ. ಎರವಲು ತಂದರೆ ವ್ಯಾಕರಣದ ಬಡ್ಡಿಯನ್ನೂ ಕಟ್ಟುತ್ತಿರಬೇಕು. ‘ಪೀಳಿ’ಗೆ ಬಡ್ಡಿಯಿಲ್ಲ.

ಉತ್ತರ 6

ಬಡ್ಡಿಯಿಲ್ಲ ನಿಜ, ಚಲಾವಣೆಯೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ವಾಕ್ಯವನ್ನು ತಿದ್ದಿದ್ದೇನೆ, ‘ವಾಹಕಿ’ ಉಳಿಸಿಕೊಂಡಿದ್ದೇನೆ. ಚಿಕಿತ್ಸೆಯ ಪುಟದಲ್ಲಿ ಇನ್ನೊಂದು ಪದ ಕಾಡುತ್ತಿದೆ. ಕೊರತೆಯಿರುವ ಫ್ಯಾಕ್ಟರನ್ನು ರಕ್ತನಾಳಕ್ಕೆ ಚುಚ್ಚಿ ಕೊಟ್ಟಾಗ ಕೆಲವರ ದೇಹ ಅದನ್ನು ಹೊರಗಿನದೆಂದು ಬಗೆದು ಪ್ರತಿಕಾಯಗಳನ್ನು ಹುಟ್ಟಿಸುತ್ತದೆ, ಮದ್ದು ಕೆಲಸ ಮಾಡುವುದಿಲ್ಲ. ಇವುಗಳಿಗೆ ‘ಇನ್ಹಿಬಿಟರ್’ ಎಂಬ ಹೆಸರು. ‘ಪ್ರತಿಬಂಧಕ’ ಎಂದು ಬರೆದರೆ ರೋಗವನ್ನು ತಡೆಯುವ ಔಷಧವೆಂದುಕೊಳ್ಳುತ್ತಾರೆ, ಅರ್ಥ ತಲೆಕೆಳಗಾಗುತ್ತದೆ. ಎ ಬಗೆಯವರಿಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಎಂಬ ಮದ್ದು ಇನ್ಹಿಬಿಟರ್ ಇದ್ದರೂ ಕೆಲಸ ಮಾಡುತ್ತದೆ ಎಂಬ ವಾಕ್ಯ ಮುಂದೆಯೇ ಇದೆ, ಆದ್ದರಿಂದ ಪದವನ್ನು ತಪ್ಪಿಸಿಕೊಳ್ಳುವಂತಿಲ್ಲ. ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರ.