ಪದಚರ್ಚೆ: ‘ಕ್ಯಾನನ್ ಲಾ’ ಕನ್ನಡದಲ್ಲಿ? (ತುರ್ತು)

> ವಕೀಲಿಕೆಯ ಚರಿತ್ರೆ ಕುರಿತ ಪ್ರದರ್ಶನದ ಫಲಕ, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ‘ಕ್ಯಾನನ್ ಲಾ’ಗೆ, ಅಂದರೆ ಕ್ರೈಸ್ತ ಚರ್ಚಿನ ಕಾನೂನಿಗೆ, ಏನು ಹಾಕಲಿ? ಧರ್ಮಶಾಸ್ತ್ರ ಆಗುತ್ತದೆಯೇ? ಚರ್ಚ್ ಕೋರ್ಟುಗಳ ‘ಅಡ್ವೊಕೇಟ್’, ‘ಪ್ರಾಕ್ಟರ್’ ಇಬ್ಬರನ್ನೂ ವಕೀಲ ಅಂದರೆ ಸಾಕಲ್ಲವೇ?

>> ಕಾನೂನು ಅರಬ್ಬಿ, ಬೇಡ. ‘ಇಗರ್ಜಿ ಕಟ್ಟಳೆ’ ಎನ್ನಿ. ಅಚ್ಚಗನ್ನಡ ಇರುವಾಗ ಎರವಲೇಕೆ?

ಚರ್ಚ್ ಎಂಬರ್ಥದ ಇಗರ್ಜಿ ಅಚ್ಚಗನ್ನಡವಲ್ಲ ಸಾರ್. ಪೋರ್ಚುಗೀಸರ ಜೊತೆ ಕರಾವಳಿಗೆ ಬಂದ ಪದ, ಬೇರು ಗ್ರೀಕಿನ ಎಕ್ಲೇಸಿಯಾ. ಒಂದು ಎರವಲನ್ನು ಹೊರಗಟ್ಟಲು ಇನ್ನೊಂದನ್ನು ಕರೆತಂದಿದ್ದೀರಿ.

ಕಾನೂನು ಅರಬ್ಬಿಯದೂ ಅಲ್ಲ. ಗ್ರೀಕಿನಲ್ಲಿ ಕನೋನ್ ಅಂದರೆ ನೆಟ್ಟಗಿನ ಕೋಲು, ಬಡಗಿಯ ಅಳತೆಗೋಲು. ಚಕ್ರವರ್ತಿಯ ಶಾಸನ ನೊಮೊಸ್, ಬಿಷಪ್ಪರ ಸಭೆಯ ನಿಯಮ ಕನೋನ್. 325ರ ನೈಸಿಯಾ ಸಭೆ ಅಂಥ 20 ನಿಯಮ ಮಾಡಿತು. ಅದೇ ಪದ ಅರಬ್ಬಿಗೆ ಹೋಗಿ ಕಾನೂನ್ ಆಗಿ, ಪಾರ್ಸಿಯ ಮೂಲಕ ನಮ್ಮಲ್ಲಿಗೆ ಬಂತು. ಬರುವ ದಾರಿಯಲ್ಲಿ ಅರ್ಥ ಮಗುಚಿದೆ: ಆಟೊಮನ್ ತುರ್ಕಿಯಲ್ಲಿ ಧರ್ಮದ್ದು ಶರಿಯಾ, ಸುಲ್ತಾನನದು ಕಾನೂನು. ನಮ್ಮಲ್ಲೂ ಕಾನೂನು ಅಂದರೆ ಸರ್ಕಾರದ್ದೇ. ಆದ್ದರಿಂದ ಮುಂದೊಂದು ವಿಶೇಷಣ ಬೇಕೇ ಬೇಕು. ‘ಕ್ಯಾನನ್ ಕಾನೂನು’ ಎಂದರೆ ಒಂದೇ ಪದವನ್ನು ಎರಡು ಸಲ ಹೇಳಿದಂತೆ. ಧರ್ಮಶಾಸ್ತ್ರ ಖಂಡಿತ ಬೇಡ, ಓದುವವರಿಗೆ ಮನು, ಯಾಜ್ಞವಲ್ಕ್ಯರೇ ಕಣ್ಮುಂದೆ ಬರುತ್ತಾರೆ. ನಮ್ಮ ಕಥೋಲಿಕರು ಚರ್ಚ್ ಎಂಬ ಸಂಸ್ಥೆಯನ್ನು ಧರ್ಮಸಭೆ ಎನ್ನುತ್ತಾರೆ. ಬಳಕೆಯವರ ಮಾತೇ ಇರುವಾಗ ನಾವು ಹೊಸದು ಕಟ್ಟಬೇಕಿಲ್ಲ. ‘ಧರ್ಮಸಭೆಯ ಕಾನೂನು’ ಎಂದು ಹಾಕಿ. ಕಟ್ಟಳೆ ಚೆನ್ನಾದ ಪದ, ಅದನ್ನು ಬಿಡಿ ನಿಯಮಕ್ಕೆ ಇಟ್ಟುಕೊಳ್ಳಿ: ನೈಸಿಯಾದ 20 ಕಟ್ಟಳೆಗಳು.

ಇನ್ನು ಇಬ್ಬರಿಗೂ ವಕೀಲ ಎನ್ನುವುದು ಸರಿಯಲ್ಲ, ಅದರಿಂದ ಚರಿತ್ರೆಯೇ ಅಳಿಸಿಹೋಗುತ್ತದೆ. ಪ್ರಾಕ್ಟರ್ ಕಕ್ಷಿದಾರನ ಬದಲಿಗೆ ನಿಂತು ಕೆಲಸ ನಡೆಸುವವನು; ಅಡ್ವೊಕೇಟ್ ಕಾನೂನು ಓದಿಕೊಂಡು ವಾದ ಮಾಡುವವನು. 1274ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಸೇರಿದ ಬಿಷಪ್ಪರ ಸಭೆ ಚರ್ಚ್ ಕೋರ್ಟಿನ ಈ ಇಬ್ಬರೂ ಸುವಾರ್ತೆ ಮುಟ್ಟಿ, ನ್ಯಾಯವಾದ ಪಕ್ಷವನ್ನಷ್ಟೇ ಹಿಡಿಯುತ್ತೇವೆಂದು ಪ್ರಮಾಣ ಮಾಡಬೇಕೆಂದಿತು, ಅದೂ ವರ್ಷವರ್ಷ. ಫೀಸಿಗೂ ಮಿತಿ ಹಾಕಿತು: ಅಡ್ವೊಕೇಟನಿಗೆ 20 ಲಿವ್ರ್ (ಆಗಿನ ಫ್ರೆಂಚ್ ಹಣ), ಪ್ರಾಕ್ಟರನಿಗೆ 12. ಇಬ್ಬರನ್ನೂ ಒಂದೇ ಪದದಲ್ಲಿ ಹೇಳಿದರೆ ಈ 20, 12 ಯಾರದು ಯಾರಿಗೆ?

ಅರಬ್ಬಿಯ ವಕೀಲ್ ಅಂದರೂ ಪ್ರತಿನಿಧಿಯೇ. ನಾವು ಇವತ್ತಿಗೂ ವಕಾಲತ್ತಿಗೆ ಸಹಿ ಹಾಕುವುದು ಅದಕ್ಕೇ. ಹಾಗಾಗಿ ಪ್ರಾಕ್ಟರ್ ವಕೀಲ, ಅಡ್ವೊಕೇಟ್ ನ್ಯಾಯವಾದಿ. ಎರವಲೆಂದು ವಕೀಲನನ್ನು ತೆಗೆದರೆ ಈ ವ್ಯತ್ಯಾಸವನ್ನು ಯಾವ ಅಚ್ಚಗನ್ನಡದಲ್ಲಿ ಹೇಳುತ್ತೀರಿ? ‘ವಾದಿಗ’ ಎಂದು ಹೋದ ಸಲ ಸೂಚಿಸಿದಿರಿ, ವಾದವೂ ಸಂಸ್ಕೃತವೇ.

ಫಲಕದಲ್ಲಿ ಚರ್ಚಿನ ಕಟ್ಟಳೆಗಳನ್ನು ಒಂದು ಗ್ರಂಥವಾಗಿ ಜೋಡಿಸಿದ ಬೊಲೋನ್ಯದ ಗ್ರೇಷಿಯನ್ ಬಂದರೆ ಆ ಗ್ರಂಥದ ಇಸವಿಯ ಮುಂದೆ ‘ಸುಮಾರು’ ಸೇರಿಸಿ, ಸುಮಾರು 1140. ರೋಮನ್ ಕಾನೂನು, ಧರ್ಮಸಭೆಯ ಕಾನೂನು ಎರಡನ್ನೂ ಓದಿ ಪದವಿ ಪಡೆದವರನ್ನು ‘ಉಭಯ ಕಾನೂನು ಪಂಡಿತ’ ಎನ್ನಬಹುದು. ಪ್ರೂಫ್ ಬಂದ ಕೂಡಲೇ ಇಲ್ಲಿಗೆ ಕಳಿಸಿ, ರಾತ್ರಿಯೇ ನೋಡಿಕೊಡುತ್ತೇನೆ.